ಹಸುಬೆ, ಕಂಬಳಿ, ಪಂಪ್ ಸ್ಟೋವ್: ಶ್ರೀಶೈಲ ಹಾದಿಯ ದಿನಚರಿ

ಫೆಬ್ರುವರಿ 10, 2025, ಸೋಮವಾರ. ಬನಹಟ್ಟಿ

ಈ ಸಲ ಯುಗಾದಿ ಮಾರ್ಚ್ 30ಕ್ಕೆ. ಅದಕ್ಕೂ ಎರಡು-ಮೂರು ದಿನ ಮೊದಲೇ ಶ್ರೀಶೈಲ ಮುಟ್ಟಬೇಕೆಂದರೆ ಮಾರ್ಚ್ ಮೊದಲ ವಾರದಲ್ಲೇ ಅಲ್ಲಿಯ ಮಲ್ಲಯ್ಯನಿಗೆ ಹೊರುವ ನಮ್ಮ ಓಣಿಯ ಕಂಬಿ ಏಳಬೇಕು. ನಾನೂರು ಕಿಲೋಮೀಟರಿಗೂ ಮೀರಿದ ದಾರಿ. ಲಗ್ನದ ಬ್ಲೌಜುಗಳನ್ನು ತಮ್ಮನ ಮಷೀನಿಗೆ ದಾಟಿಸಿ ನಾನು ಚೀಲ ಹೊಲಿಯಲು ಕೂತಿದ್ದೇನೆ. ರಬಕವಿಯವರು, ಊರವರು, ಜಮಖಂಡಿಯವರು, ಎಲ್ಲರೂ ಶಿವರಾತ್ರಿಯೊಳಗೆ ಬೇಕು ಅನ್ನುವವರೇ.

ಪಾದಯಾತ್ರೆಯ ಚೀಲಕ್ಕೆ ನಾನು ಹಸುಬೆಯ ಅಳತೆ ಬಿಟ್ಟಿಲ್ಲ. ಉದ್ದನೆಯ ಚೀಲ, ಎರಡೂ ತುದಿಗೆ ಹೊಟ್ಟೆ, ನಡುವೆ ಬಾಯಿ. ಹಿಂದೆ ಎತ್ತಿನ ಬೆನ್ನ ಮೇಲೆ, ಕುದುರೆಯ ಬೆನ್ನ ಮೇಲೆ ಕಾಳುಕಡಿ ಸಾಗುತ್ತಿದ್ದದ್ದು ಇಂಥದ್ದರಲ್ಲೇ. ಮನುಷ್ಯನ ಹೆಗಲಿಗೆ ಏರಿದಾಗ ಒಂದು ಹೊಟ್ಟೆ ಎದೆಗೆ, ಇನ್ನೊಂದು ಬೆನ್ನಿಗೆ ಇಳಿಯುತ್ತದೆ. ಭಾರವೆಲ್ಲ ಬೆನ್ನಿಗೇ ಬಿದ್ದರೆ ಮೈ ಮುಂದಕ್ಕೆ ಬಾಗದೆ ವಿಧಿಯಿಲ್ಲ. ಹತ್ತು ಹರದಾರಿ ಬಾಗಿ ನಡೆದವನ ಸೊಂಟ ರಾತ್ರಿ ಮಾತಾಡುತ್ತದೆ. ಹಿಂದೆ-ಮುಂದೆ ಸಮ ಹಂಚಿದರೆ ನಡಿಗೆ ನೆಟ್ಟಗಿರುತ್ತದೆ. ಮಲ್ಲಯ್ಯನ ಕಂಬಿ ಹೊರುವವರ ಲೆಕ್ಕವೂ ಇದೇ. ಹೆಗಲ ಮೇಲೆ ಒಂದು ಬಿದಿರು, ಎರಡೂ ಕಡೆ ಸಮ ತೂಕ. ಹಿರಿಯರು ಭಕ್ತಿಯ ಜೊತೆಗೆ ತೂಕದ ವಿದ್ಯೆಯನ್ನೂ ಹೊತ್ತು ನಡೆದಿದ್ದಾರೆ.

ನೂಲಿನ ವಿಚಾರ ಬರೆದಿಡಬೇಕು, ತಮ್ಮ ಮತ್ತೆ ಮತ್ತೆ ಕೇಳುತ್ತಾನೆ. ಚೀಲಕ್ಕೆ ಪಾಲಿಯೆಸ್ಟರ್ ದಾರ: ಬೆವರಿಗೆ ಕೊಳೆಯುವುದಿಲ್ಲ, ಉಜ್ಜಿದರೆ ಬೇಗ ಸವೆಯುವುದಿಲ್ಲ. ಮಳೆ ತಡೆಯಬೇಕಾದ ಹತ್ತಿ ಕ್ಯಾನ್ವಾಸಿಗೆ ಮಾತ್ರ ಮೇಣ ಹಚ್ಚಿದ ಹತ್ತಿ ದಾರವೇ ಸರಿ; ನೀರು ಬಿದ್ದಾಗ ಹತ್ತಿ ಉಬ್ಬಿ ಸೂಜಿಯ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಹೆಗಲಪಟ್ಟಿ ಚೀಲಕ್ಕೆ ಕೂಡುವ ಕಡೆ ಒಂದು ಸಾಲು ಹೊಲಿಗೆ ಸಾಲದು. ಸುತ್ತ ಚೌಕ, ಚೌಕದೊಳಗೆ ಗುಣಾಕಾರದ ಗುರುತು. ಚೀಲ ಹರಿಯುವುದು ಯಾವಾಗಲೂ ಅಲ್ಲೇ.

ಫೆಬ್ರುವರಿ 16, ಭಾನುವಾರ. ಜಮಖಂಡಿ

ಕ್ಯಾನ್ವಾಸು, ನವಾರ ತರಲು ಹೋಗಿದ್ದೆ. ಮಂಚಕ್ಕೆ ನೇಯುವ ಅಗಲ ನವಾರದಷ್ಟು ಒಳ್ಳೆಯ ಹೆಗಲಪಟ್ಟಿ ಬೇರೆ ಇಲ್ಲ. ನೈಲಾನ್ ಪಟ್ಟಿ ಗಟ್ಟಿ, ಒಪ್ಪುತ್ತೇನೆ. ಆದರೆ ಬೆವರಿದ ಹೆಗಲ ಮೇಲೆ ಜಾರುತ್ತದೆ, ಅಂಚು ಕೊಯ್ಯುತ್ತದೆ. ಹತ್ತಿ ನವಾರ ಬೆವರು ಹೀರುತ್ತದೆ, ಹೆಗಲು ಹಿಡಿಯುತ್ತದೆ. ಮೂರು ಬೆರಳಗಲ ಬೇಡ, ನಾಲ್ಕು ಬೆರಳಗಲದ್ದೇ ಬೇಕು ಎಂದು ಹಟ ಹಿಡಿದು ಮೂರು ಅಂಗಡಿ ತಿರುಗಿದೆ.

ತಾಡಪತ್ರಿಯನ್ನೂ ತಂದೆ. ಒಬ್ಬ ಮಲಗುವಷ್ಟು ತುಂಡು ಕತ್ತರಿಸಿ, ಮೂಲೆಗೆ ಕಣ್ಣು ಹೊಡೆಸಿ, ಚೀಲದ ಜೊತೆಗೆ ಕೊಡುತ್ತೇನೆ. ಹಾಸಿದರೆ ನೆಲದ ತಂಪು ತಡೆಯುತ್ತದೆ, ಹೊದ್ದರೆ ಮಳೆ, ಎರಡು ಗಿಡಕ್ಕೆ ಕಟ್ಟಿದರೆ ನೆರಳು. ಡೇರೆ ಹೊತ್ತು ನಡೆಯುವ ಅಗತ್ಯವೇ ನಮ್ಮ ದಾರಿಗೆ ಇಲ್ಲ. ಗುಡಿಯ ಪೌಳಿ, ಶಾಲೆಯ ಪಡಸಾಲೆ, ಯಾರದೋ ಹೊಲದ ಬೇವಿನ ಗಿಡ ಸಿಕ್ಕೇ ಸಿಗುತ್ತವೆ.

ಬ್ಯಾಟರಿ ಅಂಗಡಿಯಲ್ಲಿ ತಲೆಗೆ ಕಟ್ಟುವ ದೀಪಗಳ ರಾಶಿ ಇತ್ತು. ಬೆಟ್ಟ ಹತ್ತುವವರಿಗಾಗಿ ಎಲ್ಲೋ ಹುಟ್ಟಿದ ವಸ್ತು. ಇಲ್ಲಿ ಅದನ್ನು ಕೊಳ್ಳುವವರು ಕಬ್ಬಿನ ರೈತರು. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಕೊಡುತ್ತಾರೆ, ಹಾವಿನ ಭಯ, ಕೈಯಲ್ಲಿ ಸಲಿಕೆ. ದೀಪ ತಲೆಯ ಮೇಲಿದ್ದರೇ ನೀರು ಹಾಯಿಸಲು ಆಗುವುದು. ನಮ್ಮ ಕಂಬಿಯವರು ಬೆಳಗಿನ ಮೂರಕ್ಕೆ ನಡಿಗೆ ಶುರು ಮಾಡುವವರು. ಅವರಿಗೂ ಇದು ಬೇಕು. ಬೆನ್ನ ಮೇಲೆ ಕೆಂಪು ಹೊಳಪಿನ ಪಟ್ಟಿ ಹೊಲಿಯುವುದನ್ನು ಈ ವರ್ಷ ಎಲ್ಲ ಚೀಲಕ್ಕೂ ಕಡ್ಡಾಯ ಮಾಡಿದ್ದೇನೆ. ಹೆದ್ದಾರಿಯಲ್ಲಿ ಕತ್ತಲೆಯೊಳಗೆ ನಡೆಯುವ ಮನುಷ್ಯ ಲಾರಿಯವನಿಗೆ ಕಾಣುವುದೇ ಇಲ್ಲ. ದುಡ್ಡು ಕೊಡದಿದ್ದರೂ ಸರಿ, ಪಟ್ಟಿ ಬೇಡ ಅನ್ನುವವರಿಗೆ ಚೀಲ ಕೊಡುವುದಿಲ್ಲ.

ಫೆಬ್ರುವರಿ 20, ಗುರುವಾರ. ಮುಧೋಳ

ಹಿತ್ತಾಳೆಯ ಪಂಪ್ ಸ್ಟೋವ್ ಚೀಲದಲ್ಲಿ ಹಾಕಿಕೊಂಡು ಹೋದೆ. ಅಪ್ಪನ ಕಾಲದ್ದು. ವಾಷರ್ ಒಣಗಿ ಗಾಳಿ ಹಿಡಿಯುತ್ತಿರಲಿಲ್ಲ. ಸ್ಟೋವ್ ರಿಪೇರಿಯ ಹಿರಿಯರು ಚರ್ಮದ ವಾಷರಿಗೆ ಎಣ್ಣೆ ಕುಡಿಸಿ, ಬಟ್ಟಲಿನಂತೆ ಅರಳಿಸಿ ಕೂರಿಸಿದರು. ಪಿನ್ನಿನಿಂದ ಬರ್ನರಿನ ಕಣ್ಣು ತೆಗೆದರು. "ಇನ್ನ ಹತ್ತ ವರ್ಷ ಚಿಂತಿ ಇಲ್ಲ ನೋಡ್ರಿ. ಆದ್ರ ಚಿಮಣಿ ಎಣ್ಣಿ ಎಲ್ಲಿಂದ ತರ್ತೀರಿ?" ಅಂದರು. ನ್ಯಾಯವಾದ ಪ್ರಶ್ನೆ. ರೇಷನ್ ಅಂಗಡಿಯ ನೀಲಿ ಎಣ್ಣೆಯ ಕಾಲ ಮುಗಿಯುತ್ತ ಬಂತು. ನಾನು ಎರಡು ಲೀಟರು ಕೂಡಿಟ್ಟಿದ್ದೇನೆ, ಯಾತ್ರೆಗೆ ಸಾಕು.

ಇದರ ಕೆಲಸ ನೋಡುವುದೆಂದರೆ ನನಗೆ ಈಗಲೂ ಹಿಗ್ಗು. ಬತ್ತಿ ಸ್ಟೋವಿನಲ್ಲಿ ಎಣ್ಣೆ ಬತ್ತಿಯ ತುದಿಗೇರಿ ಉರಿಯುತ್ತದೆ. ಇಂಡಿಯನ್ ಆಯಿಲ್‌ನವರ ಸಂಶೋಧನಾ ಕೇಂದ್ರ ರೂಪಿಸಿದ 'ನೂತನ್' ಆ ಜಾತಿಯಲ್ಲಿ ಒಳ್ಳೆಯದು, ಆದರೆ ಬಯಲಿನ ಗಾಳಿಗೆ ಉರಿ ಅಲ್ಲಾಡಿ ಹೊಗೆ ಕಾರುತ್ತದೆ. ಪಂಪ್ ಸ್ಟೋವಿನಲ್ಲಿ ಬತ್ತಿಯೇ ಇಲ್ಲ. ಮೊದಲು ಬರ್ನರಿನ ತಳದ ಬಟ್ಟಲಲ್ಲಿ ಸ್ವಲ್ಪ ಸ್ಪಿರಿಟ್ ಉರಿಸಿ ಕೊಳವೆ ಕಾಯಿಸಬೇಕು. ಆಮೇಲೆ ಪಂಪು ಒತ್ತಿದರೆ ಎಣ್ಣೆ ಕಾದ ಕೊಳವೆಯಲ್ಲಿ ಹಬೆಯಾಗಿ, ಸೂಜಿಗಣ್ಣಿನಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿ ಉರಿಯಾಗುತ್ತದೆ. ಹೊಗೆಯಿಲ್ಲ, ಪಾತ್ರೆಗೆ ಮಸಿಯಿಲ್ಲ. ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ 'ಪ್ರೈಮಸ್' ಹೆಸರಿನಲ್ಲಿ ತಂದ ಒಲೆ ಇದು. 1911ರಲ್ಲಿ ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಇದನ್ನೇ ಒಯ್ದಿದ್ದ. 1953ರ ಮೇ 29ರ ಬೆಳಗ್ಗೆ ಎವರೆಸ್ಟಿನ ಕೊನೆಯ ಡೇರೆಯಲ್ಲಿ ಹಿಲರಿಯ ಬೂಟು ಹೆಪ್ಪುಗಟ್ಟಿ ಕಟ್ಟಿಗೆಯಾಗಿದ್ದಾಗ, ಅದನ್ನು ಮೆತ್ತಗೆ ಮಾಡಿ ಅವನನ್ನೂ ತೇನ್‌ಸಿಂಗನನ್ನೂ ಶಿಖರದ ಕಡೆ ಕಳಿಸಿದ್ದು ಇದರದೇ ಉರಿ.

ನಮ್ಮ ಕಡೆ ಇದರ ಕೀರ್ತಿ ಬೇರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳದ ಓಣಿಗಳಿಗೆ ನುಗ್ಗಿ, ಆ ಕಡೆ ಕೃಷ್ಣೆ ಜಮಖಂಡಿ ತಾಲೂಕಿನ ಹಳ್ಳಿಗಳನ್ನು ನುಂಗಿದಾಗ, ಕಟ್ಟಿಗೆಯೆಲ್ಲ ಹಸಿ. ಜನ ಶಾಲೆಗಳಲ್ಲಿ ಸೇರಿದ್ದರು. ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿದ್ದ ಪಂಪ್ ಸ್ಟೋವುಗಳು ಆಗ ಕೆಳಗಿಳಿದವು. ಕೂಸುಗಳಿಗೆ ಹಾಲು ಕಾದದ್ದು ಅವುಗಳ ಮೇಲೆ. ಸ್ಟೋವ್ ರಿಪೇರಿಯ ಆ ಹಿರಿಯರು ಆ ವಾರ ಒಂದು ಪೈಸೆ ತೆಗೆದುಕೊಳ್ಳದೆ ರಿಪೇರಿ ಮಾಡಿದರು.

ಅವರ ಎಚ್ಚರಿಕೆ ಬರೆದುಕೊಂಡಿದ್ದೇನೆ: ಟ್ಯಾಂಕಿನ ಮುಕ್ಕಾಲಿಗಿಂತ ಹೆಚ್ಚು ಎಣ್ಣೆ ಬೇಡ, ಮೇಲುಗಡೆ ಗಾಳಿಗೆ ಜಾಗ ಬಿಡಬೇಕು. ಉರಿಯುವಾಗ ಎಣ್ಣೆ ಹಾಕಲೇಬಾರದು. ಉರಿ ಹಳದಿಯಾದರೆ ಪಂಪು ಒತ್ತುತ್ತ ಹೋಗದೆ, ಗಾಳಿ ಬಿಟ್ಟು, ಆರಿಸಿ, ಮತ್ತೆ ಕೊಳವೆ ಕಾಯಿಸಬೇಕು. ನೈಲಾನ್ ಸೀರೆಯ ಸೆರಗು ಹತ್ತಿರ ಬರಬಾರದು. ಎಷ್ಟೋ ಮನೆಯ ಹೆಣ್ಣುಮಕ್ಕಳನ್ನು ಈ ಒಲೆಯ ಅಜಾಗರೂಕತೆ ಸುಟ್ಟಿದೆ.

ಫೆಬ್ರುವರಿ 23, ಭಾನುವಾರ. ಬೀಳಗಿ

ಹಿನ್ನೀರು ಇಳಿದ ಕಡೆಗಳಲ್ಲಿ ಹಸಿರು ಉಳಿದಿದೆ, ಕುರಿ ಹಟ್ಟಿಗಳು ಬೀಡುಬಿಟ್ಟಿವೆ. ಪರಿಚಯದ ಕುರಿಗಾರ ಕಾಕಾ ಕೊಟ್ಟ ಕಂಬಳಿ ತಂದೆ. ಕರಿ ಉಣ್ಣೆ, ಬಣ್ಣ ಹಾಕಿದ್ದಲ್ಲ, ಕುರಿಯದೇ ಬಣ್ಣ.

ಮಲಗುವ ಸಾಮಾನಿನಲ್ಲಿ ಕಂಬಳಿಗೆ ಸಮ ಇನ್ನೊಂದನ್ನು ನಾನು ಕಂಡಿಲ್ಲ. ದಖ್ಖನಿ ಕುರಿಯ ಉಣ್ಣೆ ಒರಟು. ಮೈಗೆ ಚುಚ್ಚುತ್ತದೆ ಎಂದು ಸ್ವೆಟರಿನವರು ಒಲ್ಲದ ಉಣ್ಣೆ. ಕಂಬಳಿಗೆ ಬೇಕಾದದ್ದು ಅದೇ ಒರಟುತನ. ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ನೂತು, ಹುಣಸೆ ಬೀಜದ ಗಂಜಿಯಲ್ಲಿ ಹಾಸಿನ ನೂಲನ್ನು ಬಿಗಿ ಮಾಡಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಕುರಿಯ ಮೈಯ ಜಿಡ್ಡು ಎಳೆಯಲ್ಲಿ ಉಳಿದಿರುತ್ತದಾದ್ದರಿಂದ ಸಣ್ಣ ಮಳೆ ಮೇಲೆ ಜಾರಿ ಹೋಗುತ್ತದೆ. ನೆನೆದರೂ ಬೆಚ್ಚಗಿನ ಗುಣ ಪೂರ್ತಿ ಬಿಡುವುದಿಲ್ಲ. ಕಿಡಿ ಬಿದ್ದರೆ ಅಷ್ಟೇ ಜಾಗ ಕರಕಾಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಳೆಯಂಗಿ. ಕಡ್ಡಿಗೆ ಕಟ್ಟಿದರೆ ಗಾಳಿಗೆ ಮರೆ. ಬಿಸಿಲಲ್ಲಿ ಹೊದ್ದ ಕುರಿಗಾರನನ್ನು ಕಂಡು ಬೇರೆಯವರು ಬೆರಗಾಗುತ್ತಾರೆ, ಆದರೆ ಹೊರಗಿನ ಕಾವನ್ನು ಒಳಗೆ ಬಿಡದಿರುವುದೂ ಅದರ ಕೆಲಸವೇ.

ಕಾಕಾ ಬೇಸರ ಹೇಳಿಕೊಂಡರು. ಮಾಂಸಕ್ಕೆ ಬೆಲೆ ಬಂದು ನೆಲ್ಲೂರು ಕಡೆಯ ಕುರಿ ಹಿಂಡಿಗೆ ಸೇರಿಕೊಂಡಿವೆ. ಅವುಗಳ ಮೈಮೇಲೆ ಕತ್ತರಿಸಲು ಉಣ್ಣೆಯೇ ಇಲ್ಲ. "ಉಣ್ಣಿ ಕೊಳ್ಳಾವರಿಲ್ಲ ತಮ್ಮಾ, ಕತ್ತರಸಾವಗ ಕೂಲಿ ಕೊಟ್ಟ ಉಣ್ಣಿ ಚೆಲ್ಲೂ ಹಂಗಾಗೇತಿ." ಪ್ಲಾಸ್ಟಿಕ್ ನೂಲಿನ ಚಾದರು ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ನಮ್ಮವರೇ ಅದನ್ನು ಹೊತ್ತು ಯಾತ್ರೆ ಹೊರಡುತ್ತಾರೆ. ಕಂಬಳಿ ಕೊಳ್ಳುವವರಿದ್ದರೆ ಕತ್ತರಿಸುವವರು, ನೂಲುವವರು, ನೇಯುವವರು ಮೂರು ಮನೆ ಉಳಿಯುತ್ತವೆ. ನೇಕಾರರ ಊರಿನವನಾಗಿ ನಾನು ಇದನ್ನು ಹೇಳದಿದ್ದರೆ ಯಾರು ಹೇಳಬೇಕು?

ಹಿಂದಿರುಗುವಾಗ ಕಬ್ಬಿನ ಗದ್ದೆಯ ಬದಿಗೆ ಬೀಡ್ ಕಡೆಯ ಕಬ್ಬು ಕಡಿಯುವ ಟೋಳಿಗಳ ಗುಡಿಸಲು. ಹಂಗಾಮು ಮುಗಿಯುತ್ತ ಬಂದಿದೆ, ಗಾಡಿ ಕಟ್ಟುತ್ತಿದ್ದರು. ಎಣ್ಣೆ ಡಬ್ಬಿಯ ಒಂದು ಬದಿ ಕತ್ತರಿಸಿ, ಒಳಗೆ ಮಣ್ಣು ಮೆತ್ತಿ ಮಾಡಿದ ಒಲೆಯನ್ನು ಒಬ್ಬಾಕೆ ಗಾಡಿಯ ಅಚ್ಚಿಗೆ ತೂಗು ಹಾಕಿದಳು. ಎತ್ತಿ ಒಯ್ಯುವ ಒಲೆ, ಹಿಡಿ ಕಬ್ಬಿನ ರವದಿಯಲ್ಲಿ ರೊಟ್ಟಿ ಬೇಯುತ್ತದೆ. ನಾವು ಯಾತ್ರೆಗೆಂದು ಕೆಲವು ದಿನ ಬಯಲಲ್ಲಿ ಮಲಗುತ್ತೇವೆ. ಇವರಿಗೆ ವರ್ಷದ ಅರ್ಧ ಅದೇ ಬದುಕು. ಬಯಲಿನ ಸಾಮಾನಿನ ಬಗ್ಗೆ ಕೇಳುವುದಿದ್ದರೆ ಇವರನ್ನು ಕೇಳಬೇಕು.

ಮಾರ್ಚ್ 2, ಭಾನುವಾರ. ಬನಹಟ್ಟಿ

ಪುಣೆಯಿಂದ ಅಕ್ಕನ ಮಗ ಬಂದ, ನಮ್ಮೊಡನೆ ನಡೆಯುತ್ತಾನಂತೆ. ಸಹ್ಯಾದ್ರಿಯ ಕೋಟೆಗಳನ್ನು ಹತ್ತಿಳಿದ ಹುಡುಗ, ಸಾಮಾನೆಲ್ಲ ಕಂಪನಿಯದು. ಅಂಗಡಿಯ ನೆಲಕ್ಕೆ ಎಲ್ಲ ಹರಡಿಕೊಂಡು ನೂಲು ತೂಗುವ ತಕ್ಕಡಿಯಲ್ಲಿ ಒಂದೊಂದೇ ತೂಗಿದೆವು. ಅವನ ಮಲಗುಚೀಲ ಒಂದು ಕಿಲೋ ಚಿಲ್ಲರೆ, ನನ್ನ ಕಂಬಳಿ ಎರಡು ಕಿಲೋಗೆ ಮಿಕ್ಕಿ. ತೂಕದಲ್ಲಿ ಅವನು ಗೆದ್ದ. ಅಕ್ಕ ಹೊಲಿದ ಕೌದಿ ಎರಡಕ್ಕಿಂತಲೂ ಮೆತ್ತಗೆ: ಹಳೆಯ ಇಳಕಲ್ ಸೀರೆಗಳ ಪದರ, ತುಂಬ ಸಣ್ಣ ಹೊಲಿಗೆ. ಆದರೆ ಒಮ್ಮೆ ತೊಯ್ದರೆ ಎರಡು ದಿನ ಒಣಗುವುದಿಲ್ಲ. ಅದು ಸಾಮಾನು ಹೊತ್ತು ಜೊತೆಗೆ ಬರುವ ಟ್ರ್ಯಾಕ್ಟರಿಗೆ ಹೋಗಲಿ ಎಂದಾಯಿತು.

ಅವನ ಬೆನ್ನುಚೀಲದ ಸೊಂಟಪಟ್ಟಿ ನನ್ನ ಮನಸ್ಸು ಹಿಡಿದಿದೆ. "ಮಾಮಾ, ಒಮ್ಮೆ ಹಾಕ್ಕೊಂಡ ನೋಡ," ಎಂದು ತಾನೇ ಬಿಗಿದ. ಪಟ್ಟಿ ಟೊಂಕದ ಎಲುಬಿನ ಮೇಲೆ ಕೂತ ಕೂಡಲೇ ಹೆಗಲು ಹಗುರಾಯಿತು. ಭಾರ ಕಾಲಿಗೆ ನೇರ ಇಳಿಯುತ್ತದೆ. ಇಷ್ಟು ವರ್ಷ ಚೀಲ ಹೊಲಿದವನು ನಾನು. ಸೊಂಟ ಹೊರಬಲ್ಲುದನ್ನು ಹೆಗಲ ಮೇಲೆ ಹೇರಬಾರದು ಎಂಬ ಈ ವಿಚಾರ ಕಂಡು ಸಂತೋಷವಾಯಿತು. ರಾತ್ರಿ ಪಟ್ಟಿಯ ಅಳತೆ ಕಾಗದದ ಮೇಲೆ ತೆಗೆದುಕೊಂಡೆ.

ಒಲೆಯಲ್ಲಿ ಮಾತ್ರ ಒಪ್ಪಂದ ಆಗಲಿಲ್ಲ. ಅವನದು ಅಂಗೈಯಷ್ಟು ಒಲೆ, ಕೆಳಗೆ ಗ್ಯಾಸಿನ ಡಬ್ಬಿ ತಿರುಗಿಸಿ ಕೂರಿಸುವಂಥದ್ದು. ಕಿವಿ ತಿರುಗಿಸಿದರೆ ಉರಿ, ಕಾಯಿಸುವ ಗೋಜಿಲ್ಲ, ಎರಡು ನಿಮಿಷದಲ್ಲಿ ಚಹಾದ ನೀರು ಕುದಿಯುತ್ತದೆ. ಚೆಂದವೇ. ಆದರೆ ಡಬ್ಬಿ ಮುಗಿದರೆ ಲಿಂಗಸುಗೂರಿನಲ್ಲಿ ಇನ್ನೊಂದು ಎಲ್ಲಿ ಸಿಗಬೇಕು? ಎರಡೂ ಬರಲಿ ಎಂದೆ.

ಮಾರ್ಚ್ 6, ಗುರುವಾರ

ನಾಳೆ ಹೊರಡುವುದು. ಮನೆಯ ತುಂಬ ಬುತ್ತಿಯ ವಾಸನೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ. ನನ್ನ ಚೀಲಕ್ಕೆ ಮುಖ್ಯವಾದದ್ದು ಅಳ್ಳಿಟ್ಟು ಮತ್ತು ಮಹಾಲಿಂಗಪುರದ ಬೆಲ್ಲ. ಜೋಳದ ಅರಳಿನ ಹಿಟ್ಟು ಅದಾಗಲೇ ಬೆಂದದ್ದು. ಬೆಲ್ಲದ ನೀರಲ್ಲಿ ಕಲೆಸಿದರೆ ಊಟ. ಒಲೆ ಬೇಡ, ಎಣ್ಣೆ ಬೇಡ, ತಿಂಗಳಿಟ್ಟರೂ ಕೆಡುವುದಿಲ್ಲ. ಕಾಡಿನ ದಾರಿಗೆ ಅದೇ ಆಧಾರ.

ಚೀಲದ ತೂಕ ಐದು ಕಿಲೋ ದಾಟಬಾರದು ಎಂಬ ನಿಯಮವನ್ನು ಎಲ್ಲರಿಗೂ ಹೇಳಿದ್ದೇನೆ. ದವಸ, ಪಾತ್ರೆ, ಹಾಸಿಗೆ ಟ್ರ್ಯಾಕ್ಟರಿನಲ್ಲಿ. ನಿಯಮದ ಹೊರಗಿರುವುದು ಒಂದೇ ಗಂಟು: ಶ್ರೀಶೈಲದ ದೇವಿ ಭ್ರಮರಾಂಬೆಯ ಸೀರೆ. ನಮ್ಮ ಸೀಮೆಯವರಿಗೆ ಆಕೆ ಮನೆಮಗಳು, ಯುಗಾದಿಗೆ ತವರಿನಿಂದ ಉಡಿ ತುಂಬಲು ಹೋಗುವುದೇ ಈ ನಡಿಗೆ. ಓಣಿಯ ಮಗ್ಗದಲ್ಲಿ ನೇಯ್ದ ಸೀರೆ ಅದು, ಟ್ರ್ಯಾಕ್ಟರಿಗೆ ಹಾಕುವುದಿಲ್ಲ, ಸರದಿಯ ಮೇಲೆ ಹೆಗಲಲ್ಲೇ ಸಾಗುತ್ತದೆ. ಅದಕ್ಕೆಂದು ಬೇರೆ ಚೀಲ ಹೊಲಿದಿದ್ದೇನೆ, ಒಳಗೆ ಮೇಣಗಪ್ಪಡ, ಹೊರಗೆ ಹಳದಿ ಖಣ.

ಮಾರ್ಚ್ 8, ಶನಿವಾರ. ಬೀಳಗಿ

ಊರ ಜನ ಮಜ್ಜಿಗೆ, ಅಂಬಲಿ ಕೊಟ್ಟರು. ಗುಡಿಯ ಮುಂದೆ ಕಂಬಿಗೆ ಆರತಿ ಆಯಿತು. ಕಾಲು ಇನ್ನೂ ಹೊಸವು, ಬರೆಯುವಂಥದ್ದಿಲ್ಲ.

ಮಾರ್ಚ್ 11, ಮಂಗಳವಾರ. ಅಮೀನಗಡ

ಅನಗವಾಡಿಯ ಸೇತುವೆ, ಬಾಗಲಕೋಟೆ ದಾಟಿ ಬಂದೆವು. ಇಲ್ಲಿಯ ಕರದಂಟು ಎಲ್ಲರೂ ಕೊಂಡರು. ಅಂಟು, ಕೊಬ್ಬರಿ, ಗೋಡಂಬಿ, ಬೆಲ್ಲ. ಜೇಬಿನಲ್ಲಿ ಒಂದು ತುಂಡಿದ್ದರೆ ಮಧ್ಯಾಹ್ನದ ನಾಲ್ಕು ಹರದಾರಿ ಸಲೀಸು. ಬಾಣಂತಿಯರಿಗೆ ಶಕ್ತಿ ಬರಲೆಂದು ಕೊಡುವ ತಿನಿಸು ನಡೆಯುವವರಿಗೂ ಅಷ್ಟೇ ಒಗ್ಗುತ್ತದೆ.

ಮಾರ್ಚ್ 15, ಶನಿವಾರ. ಲಿಂಗಸುಗೂರು

ನಿನ್ನೆ ಹೋಳಿ, ದಾರಿಯ ಹಳ್ಳಿಗಳ ಹುಡುಗರು ಬಣ್ಣ ಹಾಕದೆ ಬಿಡಲಿಲ್ಲ.

ಇಂದು ಪಾದಗಳ ದಿನ. ಬರಿಗಾಲಿನ ಹರಕೆ ಹೊತ್ತವರು ಡಾಂಬರಿನ ಅಂಚಿನ ಮಣ್ಣಿಗೆ ಇಳಿದು ನಡೆಯುತ್ತಾರೆ. ಹೊಸ ಬೂಟು ಹಾಕಿ ಬಂದವರಿಗೆ ಹಿಮ್ಮಡಿಯಲ್ಲಿ ಗುಳ್ಳೆ. ನನ್ನದು ಅಥಣಿಯ ಚಪ್ಪಲಿ. ಜಾಲಿಯ ತೊಗಟೆಯಲ್ಲಿ ಹದ ಮಾಡಿದ ತೊಗಲು, ಮೊಳೆಯಿಲ್ಲ, ತೊಗಲಿನ ಎಳೆಯಲ್ಲೇ ಹೊಲಿಗೆ. ಕೊಲ್ಹಾಪುರಿ ಹೆಸರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳಿಗೂ ಸೇರಿದ್ದು. ಅಷ್ಟು ಹಕ್ಕು ನಮಗಿದೆ, ನಾವೇ ಹೇಳಿಕೊಳ್ಳುವುದಿಲ್ಲ. ಹೊಸದನ್ನು ಹಾಕಿ ಹೊರಟರೆ ಮಾತ್ರ ಕಚ್ಚುತ್ತದೆ. ಸಂಕ್ರಾಂತಿಯಿಂದಲೇ ಹರಳೆಣ್ಣೆ ಕುಡಿಸಿ, ದಿನವೂ ಮೆಟ್ಟಿ, ಕಾಲಿಗೆ ಹೊಂದಿಸಿಕೊಳ್ಳಬೇಕು.

ಮರಗಾಲಿನ ಹುಡುಗರ ಗುಂಪು ಇಂದು ನಮ್ಮನ್ನು ದಾಟಿ ಹೋಯಿತು. ನೆಲದಿಂದ ಮೇಲೆ ಕಟ್ಟಿಗೆಯ ಕಾಲು, ಮೆಟ್ಟಿನ ಮೇಲೆ ಪಾದ, ಮೊಣಕಾಲ ಕೆಳಗೆ ಬಟ್ಟೆಯ ಬಿಗಿತ. ಹಾಗೆಯೇ ಶ್ರೀಶೈಲದವರೆಗೆ. ಒಬ್ಬನ ಕಟ್ಟು ಸಡಿಲಾಗಿ ಚರ್ಮ ತರಚಿತ್ತು. ಉಳಿದ ನವಾರದಲ್ಲಿ ಅಗಲ ಪಟ್ಟಿ ಮಾಡಿ, ಒಳಗೆ ಕಂಬಳಿಯ ತುಂಡು ಇಟ್ಟು ಹೊಲಿದು ಕೊಟ್ಟೆ. ಹತ್ತು ಹೆಜ್ಜೆ ಹಾಕಿ ನೋಡಿ, "ಈಗ ಬರೋಬರಿ ಆತ್ರಿ ಕಾಕಾ," ಎಂದು ಕಾಲು ಮುಟ್ಟಲು ಬಗ್ಗಿದ. ಮರಗಾಲಿನ ಮೇಲಿಂದ ಹೇಗೆ ಬಗ್ಗಬೇಕು, ನಾನೇ ಅವನ ಮೆಟ್ಟು ಮುಟ್ಟಿ ಕೈಮುಗಿದೆ.

ಸಂಜೆ ಅಳಿಯನ ಚೀಲದ ಜಿಪ್ಪು ಕೈಕೊಟ್ಟಿತು. ಹಲ್ಲಿಗೆ ಧೂಳು ಹೊಕ್ಕು ರನ್ನರು ಅಗಲವಾಗಿದೆ. ಇಕ್ಕಳದಿಂದ ರನ್ನರಿನ ಎರಡೂ ಬದಿ ಹದವಾಗಿ ಒತ್ತಿ, ಹಲ್ಲಿಗೆ ಮೇಣದಬತ್ತಿ ಉಜ್ಜಿ ಸರಿಮಾಡಿದೆ. ಮೂರು ದಿನಕ್ಕೆ ಮತ್ತೆ ಬಾಯಿ ಬಿಡುತ್ತದೆ. ಹಸುಬೆಯ ಬಾಯಿಗೆ ಮಡಿಕೆ ಮತ್ತು ಲಾಡಿ. ಕೆಡಲು ಅಲ್ಲಿ ಏನೂ ಇಲ್ಲ.

ಮಾರ್ಚ್ 19, ಬುಧವಾರ. ರಾಯಚೂರು

ಹತ್ತು ಗಂಟೆಗೇ ರಸ್ತೆ ಕಾದ ಹಂಚು. ನಸುಕಿನಲ್ಲಿ ನಡೆದು, ಹೊತ್ತೇರಿದ ಮೇಲೆ ಮಲಗಿ, ಮತ್ತೆ ಸಂಜೆ ನಡೆಯುತ್ತೇವೆ. ಟ್ರ್ಯಾಕ್ಟರಿನಲ್ಲಿ ತೂಗುಹಾಕಿದ ತತ್ರಾಣಿಯ ನೀರಿಗೆ ಎಲ್ಲರದೂ ಸಾಲು. ಸ್ಟೀಲ್ ಬಾಟಲಿಯ ನೀರು ಈ ಬಿಸಿಲಿಗೆ ಸ್ನಾನಕ್ಕಾಗುತ್ತದೆ, ಕುಡಿಯಲು ಆಗುವುದಿಲ್ಲ. ಮಣ್ಣಿನ ಮೈಯಿಂದ ನೀರು ಸಣ್ಣಗೆ ಜಿನುಗಿ, ಆರುವಾಗ ಒಳಗಿನ ಕಾವನ್ನೇ ಒಯ್ಯುತ್ತದೆ; ಗಾಳಿ ಒಣಗಿದ್ದಷ್ಟೂ ಅದು ಹೆಚ್ಚು ತಣ್ಣಗಾಗುವುದು ಇದರಿಂದಲೇ. ಹೊತ್ತು ನಡೆಯಲು ತತ್ರಾಣಿ ಭಾರ, ಒಡೆಯುವ ಭಯ ಬೇರೆ. ಅಳಿಯನ ಬಾಟಲಿಗೆ ಕಂಬಳಿಯ ಚೂರಿನಿಂದ ಅಂಗಿ ಹೊಲಿದು ನೆನೆಸಿ ಕೊಟ್ಟೆ. ಅದೇ ಕೆಲಸವನ್ನು ಮುಕ್ಕಾಲು ಮಾಡುತ್ತದೆ.

ಅವನ ಗ್ಯಾಸ್ ಡಬ್ಬಿ ಮೊನ್ನೆಗೇ ಮುಗಿದಿದೆ. ಪಂಪ್ ಸ್ಟೋವ್ ದಿನವೂ ಮೂರು ಗಂಟೆಗೆ ಮೊರೆಯುತ್ತದೆ. ಬಯಲ ಗಾಳಿಗೆ ತಗಡಿನ ಮರೆ ಇಟ್ಟು ಹೊತ್ತಿಸುವುದನ್ನು ಈಗ ಅಳಿಯನೇ ಮಾಡುತ್ತಾನೆ, 'ನಾ ಹೊತ್ತಸ್ತೀನಿ ಮಾಮಾ, ನೀ ಮಲಕೋ' ಅನ್ನುತ್ತಾನೆ. ವಯಸ್ಸಾದ ಅತ್ತಿಯವರೊಬ್ಬರಿಗೆ ಮಾತ್ರೆ ನುಂಗಲು ಬಿಸಿನೀರು, ಎಲ್ಲರಿಗೂ ಚಹಾ. ದಾರಿಯುದ್ದಕ್ಕೂ ದಾಸೋಹ ನಡೆಸುವ ಪುಣ್ಯವಂತರಿದ್ದಾರೆ, ಊಟಕ್ಕೆ ಕೊರತೆಯಿಲ್ಲ. ಆದರೆ ನಸುಕಿನ ಮೂರಕ್ಕೆ ಯಾರ ಮನೆಯ ಬಾಗಿಲು ಬಡಿಯಬೇಕು? ಒಲೆ ಬೇಕಾಗುವುದು ಆ ಒಂದು ತಾಸಿಗೆ.

ಮಾರ್ಚ್ 25, ಮಂಗಳವಾರ. ಆತ್ಮಕೂರು

ಕರ್ನೂಲು ದಾಟಿ ಬಂದೆವು. ನಾಳೆಯಿಂದ ನಲ್ಲಮಲ. ವೆಂಕಟಾಪುರದಿಂದ ಆಚೆ ಟ್ರ್ಯಾಕ್ಟರು ಬರುವುದಿಲ್ಲ, ಅದು ದೋರ್ನಾಲದ ರಸ್ತೆ ಸುತ್ತಿ ಶ್ರೀಶೈಲಕ್ಕೆ ಹೋಗುತ್ತದೆ. ಸ್ಟೋವು, ಉಳಿದ ಎಣ್ಣೆ, ಬೆಂಕಿಪೊಟ್ಟಣ ಎಲ್ಲ ಅದಕ್ಕೇ ಹಾಕಿಸಿದೆ. ಇದು ಹುಲಿಗಳ ಕಾಡು, ನಾಗಾರ್ಜುನಸಾಗರ-ಶ್ರೀಶೈಲ ಅಭಯಾರಣ್ಯ. ಮಾರ್ಚಿನಲ್ಲಿ ತರಗೆಲೆ ಮೊಣಕಾಲುದ್ದ ಬಿದ್ದಿರುತ್ತದೆ. ಒಂದು ಬೀಡಿಯ ತುಂಡು ಸಾಕು. ಒಳಗೆ ಅಳ್ಳಿಟ್ಟು, ರೊಟ್ಟಿ, ಬೆಲ್ಲ ಮಾತ್ರ.

ಪ್ಲಾಸ್ಟಿಕ್ ಬಾಟಲಿ, ಪೊಟ್ಟಣ ತರಬೇಡಿ ಎಂದು ಪ್ರತಿಯೊಬ್ಬರಿಗೂ ಕೈಮುಗಿದು ಹೇಳಿದೆ. ಕಸಕ್ಕೆಂದೇ ಹಸುಬೆಯ ಹೊರಗೆ ಒಂದು ಜೇಬು ಹೊಲಿದಿದ್ದೇನೆ. ಮಲ್ಲಯ್ಯನ ಕಾಡಿನಲ್ಲಿ ಗುಟಕಾ ಚೀಟಿ ಚೆಲ್ಲಿ ಅವನೆದುರು ಕೈಮುಗಿದು ನಿಲ್ಲುವುದು ನನಗೆ ಸಹಿಸಲಾಗುವುದಿಲ್ಲ.

ಮಾರ್ಚ್ 27, ಗುರುವಾರ ರಾತ್ರಿ. ಶ್ರೀಶೈಲ

ಮುಟ್ಟಿದೆವು. ನಾಗಲೂಟಿಯ ವೀರಭದ್ರ, ಪೆಚ್ಚೆರುವು, ಆಮೇಲೆ ಭೀಮುನಿ ಕೊಳ. ಕೊಳದ ಕಡೆ ಕಣಿವೆಗೆ ಇಳಿದು ಮತ್ತೆ ಏರುವಾಗ ಸಾಮಾನಿನ ನಿಜವಾದ ಪರೀಕ್ಷೆ. ಈ ಬೆಟ್ಟದ ಹಾದಿಗೆ 14ನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮ ಮೆಟ್ಟಿಲು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಆ ಪುಣ್ಯಾತ್ಮನನ್ನು ಪ್ರತಿ ಮೆಟ್ಟಿಲಿಗೂ ನೆನೆದೆ. ಇಳಿಯುವಾಗ ಹಸುಬೆಯ ಮುಂದಿನ ಹೊಟ್ಟೆ ಪಾದ ಇಡುವ ಜಾಗ ಮರೆಮಾಡುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ಒಂದು ಕೈಯಲ್ಲಿ ಹಿಡಿಯಬೇಕಾಗುತ್ತದೆ, ಕೋಲು ಇನ್ನೊಂದು ಕೈಯಲ್ಲಿ. ಅಳಿಯ ಎರಡೂ ಕೈ ಬಿಟ್ಟು ಇಳಿದ, ಅತ್ತಿಯವರ ಕೈ ಹಿಡಿದು ಇಳಿಸಿದ, ಅವರ ಚೀಲವನ್ನೂ ತನ್ನದರ ಮೇಲೆ ಹೇರಿಕೊಂಡ. ಬಯಲಿಗೆ ಹಸುಬೆ, ಬೆಟ್ಟಕ್ಕೆ ಸೊಂಟಪಟ್ಟಿಯ ಚೀಲ. ಇದರಲ್ಲಿ ಇನ್ನು ನನಗೆ ಸಂಶಯವಿಲ್ಲ.

ಕೈಲಾಸದ್ವಾರದಲ್ಲಿ ಎಲ್ಲರೂ ಅತ್ತರು. ಸೀರೆಯ ಚೀಲಕ್ಕೆ ಒಂದು ಹನಿ ನೀರು ತಾಗಿಲ್ಲ.

ಏಪ್ರಿಲ್ 3, ಗುರುವಾರ. ಬನಹಟ್ಟಿ

ಯುಗಾದಿ ಮುಗಿಸಿ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಬಂದೆವು. ಕಂಬಿ ಮರಳಿದ ಮೇಲೆ ಮಾಡುವ ಐದೇಶಿ ಪೂಜೆಗೆ ಓಣಿಯಲ್ಲಿ ತಯಾರಿ ನಡೆದಿದೆ. ಕಂಬಳಿ ಕೊಡವಿ ಬಿಸಿಲಿಗೆ ಹಾಕಿದೆ. ಸ್ಟೋವಿನ ಗಾಳಿ ಬಿಟ್ಟು, ಎಣ್ಣೆ ಬಸಿದು, ಬರ್ನರಿಗೆ ಬಟ್ಟೆ ಕಟ್ಟಿ ಇಟ್ಟೆ. ಅಳಿಯ ಪುಣೆಗೆ ಹೋಗುವಾಗ ಕಂಬಳಿಯೊಂದನ್ನು ಕೇಳಿ ತರಿಸಿಕೊಂಡ, ಬೀಳಗಿಯ ಕಾಕಾಗೆ ಪೂರ್ತಿ ಬೆಲೆ ಕೊಟ್ಟ.

ಮುಂದಿನ ಸಲಕ್ಕೆ ಹೊಸ ಅಳತೆ ಕತ್ತರಿಸಿಟ್ಟಿದ್ದೇನೆ: ಬೆನ್ನಿಗೆ ಒಂದೇ ಚೀಲ, ನಾಲ್ಕು ಬೆರಳಗಲ ನವಾರದ ಹೆಗಲು, ಟೊಂಕಕ್ಕೆ ಅದೇ ನವಾರದ ಎರಡು ಪದರದ ಪಟ್ಟಿ ಒಳಗೆ ಕಂಬಳಿಯ ತುಂಡು, ಬಾಯಿಗೆ ಜಿಪ್ಪಿಲ್ಲದ ಮಡಿಕೆ ಮತ್ತು ಲಾಡಿ, ಹೊರಗೆ ಕಸದ ಜೇಬು, ಬೆನ್ನಿಗೆ ಕೆಂಪು ಹೊಳಪಿನ ಪಟ್ಟಿ. ಎಲ್ಲವೂ ಒಂದು ಸೂಜಿ, ಒಂದು ಉಂಡೆ ದಾರದಿಂದ ದಾರಿಯಲ್ಲೇ ಸರಿಯಾಗುವಂಥದ್ದು. ಹಸುಬೆ ಬೇಕೆನ್ನುವವರಿಗೆ ಹಸುಬೆಯೂ ಇದೆ. 2026ರ ಯುಗಾದಿ ಮಾರ್ಚ್ 19ಕ್ಕೇ ಬರುತ್ತದೆ, ಕಂಬಿ ಫೆಬ್ರುವರಿ ಕೊನೆಯಲ್ಲೇ ಹೊರಡಬೇಕು. ಚೀಲ ಬೇಕಾದವರು ಸಂಕ್ರಾಂತಿಯೊಳಗೆ ಹೇಳಬೇಕೆಂದು ಅಂಗಡಿಯ ಬಾಗಿಲಿಗೆ ಇಂದೇ ಬರೆದು ಅಂಟಿಸಿದೆ.